ಮಿಲ್ಲು ಹೋಯಿತು, ಮಾತು ಉಳಿಯಿತು

ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ ಇಳಿದು ಆಟೋ ಹತ್ತಿ 'ಬಿನ್ನಿಮಿಲ್' ಎಂದರೆ ಸಾಕು, ಚಾಲಕ ಮರುಮಾತಿಲ್ಲದೆ ಕರೆದೊಯ್ಯುತ್ತಾನೆ. ಬಸ್ ಕಂಡಕ್ಟರನಿಗೂ ಅದೇ ಹೆಸರು ಸಾಕು. ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವಿನ ಈ ಬಿನ್ನಿಪೇಟೆಯಲ್ಲಿ ಅಂಗಡಿ ಬೋರ್ಡಿನಲ್ಲಿ, ಲಗ್ನಪತ್ರಿಕೆಯ ವಿಳಾಸದಲ್ಲಿ, ಬಸ್ ನಿಲ್ದಾಣದ ಫಲಕದಲ್ಲಿ ಎಲ್ಲೆಡೆ ಮಿಲ್ ಉಂಟು. ಇಲ್ಲದಿರುವುದು ಮಿಲ್ ಮಾತ್ರ. ಒಂದು ಕಾಲಕ್ಕೆ ಸಾವಿರಾರು ಕುಟುಂಬಗಳ ಒಲೆ ಉರಿಸಿದ ಆ ಬಟ್ಟೆ ಗಿರಣಿ ಶತಮಾನ ತಿರುಗುವ ಹೊತ್ತಿಗೆ ನಿಂತುಹೋಯಿತು. ಅದರ ಜಾಗದಲ್ಲಿ ಬಹುಮಹಡಿ ವಸತಿ ಸಮುಚ್ಚಯಗಳು ಎದ್ದಿವೆ.

ವಸ್ತು ಹೋಗಿ ಹೆಸರು ಉಳಿಯುವುದು ಊರುಗಳಿಗೆ ಹೊಸದಲ್ಲ. ಬೆಂಗಳೂರಿನಲ್ಲಂತೂ ಬತ್ತಿಹೋದ ಕೆರೆಗಳ ಹೆಸರಿನ ಬಡಾವಣೆಗಳಿಗೆ ಲೆಕ್ಕವಿಲ್ಲ. ಆದರೆ 'ಮಿಲ್' ಎಂಬ ಈ ನಾಲ್ಕಕ್ಷರದ ಇಂಗ್ಲಿಷ್ ಪದದ ಚರಿತ್ರೆಯನ್ನು ಕೆದಕಿದರೆ ಸ್ವಾರಸ್ಯದ ಸಂಗತಿಯೊಂದು ಹೊರಬೀಳುತ್ತದೆ. ಒಳಗಿನ ವಸ್ತು ಬದಲಾದರೂ ಹೆಸರನ್ನು ಬಿಟ್ಟುಕೊಡದಿರುವುದು ಈ ಪದದ ಹುಟ್ಟುಗುಣ. ಸುಮಾರು ಎರಡು ಸಾವಿರ ವರ್ಷಗಳಿಂದಲೂ ಅದು ಹಾಗೆಯೇ ನಡೆದುಕೊಂಡು ಬಂದಿದೆ.

ಬೀಸುವ ಕಲ್ಲಿನ ಮಗಳು

'ಮಿಲ್' ಎಂಬುದರ ಮೂಲ ಅರ್ಥ ಬಟ್ಟೆಗೂ ಯಂತ್ರಕ್ಕೂ ಸಂಬಂಧಪಟ್ಟದ್ದಲ್ಲ. ಲ್ಯಾಟಿನ್ ಭಾಷೆಯಲ್ಲಿ 'ಮೋಲಾ' ಎಂದರೆ ಬೀಸುವ ಕಲ್ಲು, 'ಮೋಲೆರೆ' ಎಂದರೆ ಬೀಸು. ಕಲ್ಲು ಇರುವ ಮನೆ 'ಮೊಲೀನಾ' ಆಯಿತು. ರೋಮನ್ನರ ಈ ಪದ ಹಳೆಯ ಇಂಗ್ಲಿಷಿಗೆ 'ಮ್ಯುಲೆನ್' ಎಂದು ಬಂದು, ಕಾಲಕ್ರಮದಲ್ಲಿ ಕೊನೆಯ ನಕಾರ ಸವೆದು 'ಮಿಲ್' ಎಂದು ನಿಂತಿತು. ಸವೆದ ನಕಾರ ಕೆಲವು ಮನೆತನದ ಹೆಸರುಗಳಲ್ಲಿ ಮಾತ್ರ ಉಳಿಯಿತು. 'ವಿನ್ನಿ ದ ಪೂ' ಎಂಬ ಕರಡಿಯ ಕತೆಗಳನ್ನು ಬರೆದ ಎ.ಎ. ಮಿಲ್ನ್ ಅವರ ಹೆಸರು ಅದಕ್ಕೆ ಉದಾಹರಣೆ. ಇಂಗ್ಲಿಷರ ಮಿಲ್ಲರ್, ಜರ್ಮನರ ಮ್ಯೂಲರ್ ಇಬ್ಬರೂ ಮೂಲದಲ್ಲಿ ಹಿಟ್ಟು ಬೀಸುವವರೇ. ಪ್ಯಾರಿಸ್ಸಿನ ಸುಪ್ರಸಿದ್ಧ 'ಮೂಲೇ ರೂಜ್' ನೃತ್ಯಶಾಲೆಯ ಹೆಸರಿಗೆ 'ಕೆಂಪು ಗಾಳಿಗಿರಣಿ' ಎಂದಷ್ಟೇ ಅರ್ಥ.

ಇದೇ ಬೇರಿನಿಂದ ಒಡೆದ ಇನ್ನೂ ಕೆಲವು ಕವಲುಗಳನ್ನು ನಾವು ಗುರುತಿಸದೆಯೇ ಬಳಸುತ್ತಿದ್ದೇವೆ. ದಂತವೈದ್ಯರು ದವಡೆಹಲ್ಲನ್ನು 'ಮೋಲಾರ್' ಎನ್ನುತ್ತಾರೆ. ಅದು ಬಾಯೊಳಗಿನ ಬೀಸುವ ಕಲ್ಲು. ಸರ್ಕಾರಿ ನೌಕರರು ಸಂಬಳ ಸಾರಿಗೆಯ ಒಟ್ಟು ಮೊತ್ತವನ್ನು 'ಎಮಾಲ್ಯುಮೆಂಟ್ಸ್' ಎನ್ನುವುದುಂಟು. ಹಿಟ್ಟು ಬೀಸಿಕೊಟ್ಟವನಿಗೆ ಸಲ್ಲುತ್ತಿದ್ದ ಕೂಲಿಯೇ ಈ ಪದದ ಮೊದಲ ಅರ್ಥವಾಗಿದ್ದಿರಬೇಕು ಎಂಬುದು ನಿಘಂಟುಕಾರರ ಊಹೆ. ಇಂಗ್ಲೆಂಡಿನಲ್ಲಿ ಗಿರಣಿಯವನು ತನ್ನ ಕೂಲಿಯನ್ನು ಹಿಟ್ಟಿನ ರೂಪದಲ್ಲೇ ಮುರಿದುಕೊಳ್ಳುತ್ತಿದ್ದ. ನಮ್ಮಲ್ಲೂ ಎಷ್ಟೋ ಊರುಗಳಲ್ಲಿ ಅಕ್ಕಿ ಮಿಲ್ಲಿನಲ್ಲಿ ತೌಡನ್ನು, ಎಣ್ಣೆ ಮಿಲ್ಲಿನಲ್ಲಿ ಹಿಂಡಿಯನ್ನು ಕೂಲಿಯ ಲೆಕ್ಕಕ್ಕೆ ಬಿಟ್ಟುಬರುವ ಪದ್ಧತಿ ಇತ್ತು. ಕಲ್ಲು ಬೇರೆ, ಊರು ಬೇರೆ, ವ್ಯವಹಾರ ಒಂದೇ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಇಂಗ್ಲಿಷಿನಲ್ಲಿ ಒರಟು ಹಿಟ್ಟಿಗೂ 'ಮೀಲ್' ಎನ್ನುತ್ತಾರೆ, ಊಟಕ್ಕೂ 'ಮೀಲ್' ಎನ್ನುತ್ತಾರೆ. ಮೊದಲನೆಯದು ಮಿಲ್ಲಿನ ದಾಯಾದಿ. ನಮ್ಮ ಹೋಟೆಲುಗಳ 'ಮೀಲ್ಸ್ ರೆಡಿ' ಬೋರ್ಡಿನ ಎರಡನೆಯದಕ್ಕೂ ಹಿಟ್ಟಿಗೂ ನಂಟಿಲ್ಲ. ಅದು 'ಗೊತ್ತಾದ ಹೊತ್ತು' ಎಂಬ ಅರ್ಥದ ಬೇರೊಂದು ಹಳೆಯ ಪದ. ಹೊತ್ತು ಹೊತ್ತಿಗೆ ಉಣ್ಣುವುದರಿಂದ ಊಟಕ್ಕೆ ಆ ಹೆಸರು ಬಂತು.

ಹಿಟ್ಟಿನಿಂದ ಬಟ್ಟೆಗೆ

ಹಿಟ್ಟು ಬೀಸುವ ಕಲ್ಲಿನ ಹೆಸರು ಬಟ್ಟೆ ನೇಯುವ ಕಟ್ಟಡಕ್ಕೆ ಹೇಗೆ ಅಂಟಿಕೊಂಡಿತು? ಇದಕ್ಕೆ ಉತ್ತರ ನೀರಿನ ಚಕ್ರದಲ್ಲಿದೆ.

ಯೂರೋಪಿನಲ್ಲಿ ಬೀಸುವ ಕಲ್ಲನ್ನು ತಿರುಗಿಸಲು ಹೊಳೆಯ ದಡದಲ್ಲಿ ದೊಡ್ಡ ಮರದ ಚಕ್ರಗಳನ್ನು ಹೂಡುತ್ತಿದ್ದರು. ಹರಿಯುವ ನೀರು ಚಕ್ರವನ್ನು, ಚಕ್ರ ಕಲ್ಲನ್ನು ತಿರುಗಿಸುತ್ತಿತ್ತು. ಮಧ್ಯಯುಗದಲ್ಲಿ ಅದೇ ಚಕ್ರಕ್ಕೆ ಕಲ್ಲಿನ ಬದಲು ಮರದ ಸುತ್ತಿಗೆಗಳನ್ನು ಜೋಡಿಸಿದರು. ನೇಯ್ದ ಉಣ್ಣೆ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಈ ಸುತ್ತಿಗೆಗಳಿಂದ ಬಡಿದು, ಎಳೆಗಳು ಬಿಗಿಯಾಗುವಂತೆ ಮಾಡುತ್ತಿದ್ದರು. ಅಲ್ಲಿ ಬೀಸುವ ಕಲ್ಲೂ ಇರಲಿಲ್ಲ, ಹಿಟ್ಟೂ ಇರಲಿಲ್ಲ. ಆದರೂ ಜನ ಅದನ್ನು ಮಿಲ್ ಎಂದೇ ಕರೆದರು. ಕಲ್ಲು ಹೋಯಿತು, ಚಕ್ರ ಉಳಿಯಿತು, ಪದವೂ ಉಳಿಯಿತು.

ಮುಂದೆ 1721ರ ಸುಮಾರಿಗೆ ಇಂಗ್ಲೆಂಡಿನ ಡರ್ಬಿಯಲ್ಲಿ ರೇಷ್ಮೆ ನೂಲನ್ನು ಹುರಿಮಾಡುವ ಗಿರಣಿ ನೀರಿನ ಬಲದಿಂದ ನಡೆಯಿತು. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಕ್ರೋಮ್‌ಫರ್ಡ್‌ನಲ್ಲಿ ಹತ್ತಿ ನೂಲುವ ಯಂತ್ರಗಳನ್ನು ನೀರಿನ ಚಕ್ರಕ್ಕೆ ಹೂಡಿದ. ಅಲ್ಲಿಂದ ಮುಂದೆ 'ಕಾಟನ್ ಮಿಲ್' ಎಂಬ ಹೆಸರು ಗಟ್ಟಿಯಾಯಿತು. ಆಮೇಲೆ ಉಗಿಯಂತ್ರ ಬಂತು. ಹೊಳೆಯ ಹಂಗು ತಪ್ಪಿತು. ಮ್ಯಾಂಚೆಸ್ಟರ್ ಸುತ್ತಲಿನ ಊರುಗಳಲ್ಲಿ ಚಿಮಣಿಗಳು ಎದ್ದವು. ಚಕ್ರವೂ ಹೋಯಿತು, ನೀರೂ ಹೋಯಿತು; ಪದ ಮಾತ್ರ ಉಳಿಯಿತು.

ನಮ್ಮ ನಾಡಿನಲ್ಲಿ ಈ ಹಳೆಯ ನಂಟನ್ನು ಕಣ್ಣಾರೆ ಕಾಣಬಹುದಾದ ಸ್ಥಳ ಗೋಕಾಕ. ಘಟಪ್ರಭೆಯ ಜಲಪಾತದ ಬಲದಿಂದ ಹತ್ತಿ ಗಿರಣಿ ನಡೆಸಲೆಂದು 1880ರ ದಶಕದಲ್ಲಿ ಅಲ್ಲಿ ಕಂಪನಿಯೊಂದು ಹುಟ್ಟಿತು. 'ಗೋಕಾಕ್ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ' ಎಂಬ ಅದರ ಹೆಸರಿನಲ್ಲೇ ನೀರು ಇತ್ತು. ಮೂಲ ಅರ್ಥಕ್ಕೆ ಅತ್ಯಂತ ಸಮೀಪದ ಕನ್ನಡ ನಾಡಿನ ಮಿಲ್ ಅದು ಎನ್ನಬಹುದು. ಅರೆಯುವ ಅರ್ಥವನ್ನು ಬಿಡದೆ ಇಟ್ಟುಕೊಂಡದ್ದು ಕೋಲಾರದ ಚಿನ್ನದ ಗಣಿ. ಅಲ್ಲಿ ಮಿಲ್ ಎಂದರೆ ಅದಿರಿನ ಕಲ್ಲನ್ನು ಕುಟ್ಟಿ ಪುಡಿಮಾಡುವ ಜಾಗ. ಅಲ್ಲಿಂದ ಹೊರಬಿದ್ದ ಪುಡಿಯೇ ಇಂದಿಗೂ ಕೆಜಿಎಫ್‌ನಲ್ಲಿ ಗುಡ್ಡಗಳಂತೆ ನಿಂತಿರುವ 'ಸೈನೈಡ್ ದಿಬ್ಬ'.

ಕನ್ನಡದಲ್ಲಿ ಮಿಲ್ಲು

ಕನ್ನಡಕ್ಕೆ ಈ ಪದದ ಅಗತ್ಯ ಏಕೆ ಬಿತ್ತು ಎಂದು ಕೇಳಬಹುದು. ನಮ್ಮಲ್ಲಿ ಪದಗಳಿಗೆ ಬರವೇನೂ ಇರಲಿಲ್ಲ. ರಾಗಿಯನ್ನು ಬೀಸುತ್ತೇವೆ, ಭತ್ತವನ್ನು ಕುಟ್ಟುತ್ತೇವೆ, ನೆನೆಸಿದ ಉದ್ದನ್ನು ರುಬ್ಬುತ್ತೇವೆ, ಗಂಧವನ್ನು ತೇಯುತ್ತೇವೆ, ಕಬ್ಬನ್ನು ಅರೆಯುತ್ತೇವೆ, ಮರವನ್ನು ಕೊಯ್ಯುತ್ತೇವೆ. ಒಂದೊಂದು ಕೆಲಸಕ್ಕೂ ಬೇರೆ ಬೇರೆ ಸಾಧನ: ಬೀಸುವ ಕಲ್ಲು, ಒನಕೆ, ಒರಳು, ಸಾಣೆ, ಗಾಣ, ಗರಗಸ. ಕನ್ನಡದ ಕಣ್ಣಿಗೆ ಇವೆಲ್ಲ ಬೇರೆ ಬೇರೆ ಕಸುಬುಗಳು. ಎಣ್ಣೆಯ ಗಾಣ ನಡೆಸುವ ಗಾಣಿಗರಿಗೆ ಕಸುಬಿನಿಂದಲೇ ಕುಲದ ಹೆಸರು ಬಂದಿದೆ.

ಯಂತ್ರ ಬಂದ ಮೇಲೆ ಈ ಎಲ್ಲ ಕೆಲಸಗಳೂ ಒಂದೇ ಬಗೆಯ ತಗಡಿನ ಮಾಡಿನ ಕೆಳಗೆ, ಒಂದೇ ಬಗೆಯ ಬೆಲ್ಟು ಗಾಲಿಗಳಿಂದ ನಡೆಯತೊಡಗಿದವು. ಆಗ ಒಂದೇ ಹೆಸರು ಎಲ್ಲಕ್ಕೂ ಹೊಂದಿಕೊಂಡಿತು. ಹಿಟ್ಟಿನ ಮಿಲ್ಲು, ಅಕ್ಕಿ ಮಿಲ್ಲು, ಎಣ್ಣೆ ಮಿಲ್ಲು, ಸಾಮಿಲ್ಲು, ಬಟ್ಟೆ ಮಿಲ್ಲು; ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್‌ನಿಂದಾಗಿ ಪೇಪರ್ ಮಿಲ್ಲು. ಕ್ರಿಯಾಪದವನ್ನೂ ನಾವು ಬಿಡಲಿಲ್ಲ. 'ಭತ್ತ ಮಿಲ್ ಮಾಡಿಸಿಕೊಂಡು ಬಾ' ಎಂದು ಹಳ್ಳಿಯ ಅಜ್ಜಿಯೂ ಹೇಳುತ್ತಾಳೆ.

ಎರವಲು ಪದವನ್ನು ಕನ್ನಡ ತನ್ನ ಬಾಯಿಗೆ ಒಗ್ಗಿಸಿಕೊಂಡ ರೀತಿಯೂ ಗಮನಾರ್ಹ. ಮೊದಲ ಸ್ವರ ಹ್ರಸ್ವವಾಗಿದ್ದರೆ ಕೊನೆಯ ವ್ಯಂಜನ ಇಮ್ಮಡಿಸಿ ಉಕಾರ ಸೇರುತ್ತದೆ: ಬಸ್ಸು, ಪೆನ್ನು, ಮಿಲ್ಲು. ದೀರ್ಘವಾಗಿದ್ದರೆ ಉಕಾರವಷ್ಟೇ: ಕಾರು, ರೈಲು. ಈ ನಿಯಮವನ್ನು ಯಾವ ಮೇಷ್ಟರೂ ಕಲಿಸಿದ್ದಲ್ಲ. ಆದರೂ ಯಾರೂ ತಪ್ಪುವುದಿಲ್ಲ.

ನೆರೆಯ ಭಾಷೆಗಳು ಬೇರೆ ದಾರಿ ಹಿಡಿದವು. ತಮಿಳರು ಕಬ್ಬು ಅರೆಯುವ ಜಾಗಕ್ಕಿದ್ದ 'ಆಲೈ' ಎಂಬ ತಮ್ಮ ಹಳೆಯ ಮಾತನ್ನೇ ಹಿಗ್ಗಿಸಿ, ಹತ್ತಿ ಗಿರಣಿಗೆ 'ಪಂಜಾಲೈ' ಎಂದರು. ಅದೇ ಮಾತು ನಮ್ಮಲ್ಲಿ 'ಆಲೆ' ಎಂದಿದ್ದರೂ ಬೆಲ್ಲದ ಆಲೆಮನೆಯ ಹೊಸಿಲು ದಾಟಲಿಲ್ಲ. ಉತ್ತರ ಕರ್ನಾಟಕದವರು ಮರಾಠಿಯಲ್ಲೂ ಬಳಕೆಯಲ್ಲಿರುವ 'ಗಿರಣಿ' ಎಂಬ ಪದವನ್ನು ನೆಚ್ಚಿಕೊಂಡರು. ಮುಂಬಯಿಯ ಬಟ್ಟೆ ಗಿರಣಿಗಳ ಪ್ರದೇಶಕ್ಕೆ 'ಗಿರಣಗಾಂವ್' ಎಂಬ ಹೆಸರೇ ಇದೆ. ಹಳೆ ಮೈಸೂರಿನ ಕಡೆ ಆಡುಮಾತಿನಲ್ಲಿ ಮಿಲ್ಲು ನೆಲೆಯೂರಿತು. ಪತ್ರಿಕೆಯ ಬರಹದಲ್ಲಿ ಎರಡೂ ಉಳಿದವು.

ಹಾಗೆಂದು ಯಂತ್ರವಿರುವ ಎಲ್ಲ ಜಾಗವೂ ಮಿಲ್ ಆಗಲಿಲ್ಲ. ಪಾರಸಿಯಿಂದ ಬಂದ 'ಕಾರ್ಖಾನೆ' ಎಂದರೆ ಕೆಲಸದ ಮನೆ. ಇಂಗ್ಲಿಷಿನ 'ಫ್ಯಾಕ್ಟರಿ' ಮೊದಲು ವರ್ತಕ ಕಂಪನಿಯ ಪ್ರತಿನಿಧಿಯ ಕೋಠಿಯಾಗಿತ್ತು. ಕಾರವಾರದಲ್ಲಿ ಹದಿನೇಳನೆಯ ಶತಮಾನದ ಇಂಗ್ಲಿಷರು ಇಟ್ಟಿದ್ದ ಫ್ಯಾಕ್ಟರಿಯಲ್ಲಿ ಯಂತ್ರ ಇರಲಿಲ್ಲ, ಮೆಣಸಿನ ಮೂಟೆಗಳಿದ್ದವು. ಮಂಡ್ಯದಲ್ಲಿ ಕಬ್ಬನ್ನು ನಿಜವಾಗಿಯೂ ಅರೆಯುತ್ತಾರೆ, ಇಂಗ್ಲಿಷಿನಲ್ಲಿ ಅದನ್ನು ಮಿಲ್ ಎನ್ನಲಡ್ಡಿಯಿಲ್ಲ. ನಮ್ಮ ಬಾಯಲ್ಲಿ ಅದು ಸಕ್ಕರೆ ಕಾರ್ಖಾನೆ. ಬಟ್ಟೆಯನ್ನು ಅರೆಯುವುದೂ ಇಲ್ಲ, ಬೀಸುವುದೂ ಇಲ್ಲ. ಅದು ಮಾತ್ರ ಮಿಲ್ಲು! ಬಳಕೆಯ ಮುಂದೆ ತರ್ಕ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬಿನ್ನಿಯ ಪೇಟೆ

ಬೆಂಗಳೂರಿನವರ ಬಾಯಲ್ಲಿ ಮಿಲ್ಲು ನೆಲೆಯೂರಿದ್ದು ಮುಖ್ಯವಾಗಿ ಬಟ್ಟೆಯಿಂದ. 1880ರ ದಶಕದ ಮಧ್ಯಭಾಗದಲ್ಲಿ ನಗರದಲ್ಲಿ ಎರಡು ದೊಡ್ಡ ಗಿರಣಿಗಳು ತಲೆಯೆತ್ತಿದವು. ಒಂದು, ಮಲ್ಲೇಶ್ವರದ ಬದಿಯ ಮೈಸೂರು ಸ್ಪಿನ್ನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಮಿಲ್. ಜನರ ಬಾಯಲ್ಲಿ ಅದು 'ರಾಜಾ ಮಿಲ್'. ಇನ್ನೊಂದು, ಪೇಟೆಯ ಪಶ್ಚಿಮಕ್ಕೆ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಕಂಪನಿ. ಹೆಸರೇ ಹೇಳುವಂತೆ ಉಣ್ಣೆ, ಹತ್ತಿ, ರೇಷ್ಮೆ ಮೂರೂ ಅಲ್ಲಿದ್ದವು. ಇಷ್ಟುದ್ದದ ಹೆಸರನ್ನು ಯಾರು ಹೇಳುತ್ತಾರೆ? ಅದನ್ನು ನಡೆಸುತ್ತಿದ್ದ ಮದರಾಸಿನ ಬಿನ್ನಿ ಕಂಪನಿಯ ಹೆಸರು ಹಿಡಿದು 'ಬಿನ್ನಿ ಮಿಲ್ಲು' ಎಂದರು.

ಜಾನ್ ಬಿನ್ನಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿಗೆ ಬಂದ ವರ್ತಕ. ಅವನ ಹೆಸರಿನ ಕಂಪನಿ ಮುಂದೆ ಮದರಾಸಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಮಿಲ್ಲುಗಳನ್ನೂ ನಡೆಸಿತು. 1906ರಲ್ಲಿ ಮದರಾಸಿನ ಅರ್ಬತ್‌ನಾಟ್ ಬ್ಯಾಂಕ್ ಮುಳುಗಿದಾಗ ಬಿನ್ನಿಯೂ ತತ್ತರಿಸಿ ಬೇರೆ ಒಡೆಯರ ಕೈಸೇರಿತು. ಹೆಸರು ಮಾತ್ರ ಬದಲಾಗಲಿಲ್ಲ. ಬೆಂಗಳೂರಿಗೆ ಮಿಲ್ಲು ಬಂದಾಗ ಜಾನ್ ಬಿನ್ನಿ ತೀರಿಕೊಂಡು ಎಷ್ಟೋ ದಶಕಗಳಾಗಿದ್ದವು. ಆದರೂ ಅವನ ಹೆಸರಿಗೆ ನಮ್ಮ 'ಪೇಟೆ' ಸೇರಿ ಬಿನ್ನಿಪೇಟೆ ಆಯಿತು. ಪಕ್ಕದಲ್ಲೇ ಕಾಟನ್‌ಪೇಟೆ, ಅಕ್ಕಿಪೇಟೆ, ಅರಳೆಪೇಟೆ. ಮಾಗಡಿ ರಸ್ತೆಯ ಬಿನ್ನಿಸ್ಟನ್ ಗಾರ್ಡನ್ ಕೂಡ ಆ ಹೆಸರಿನ ಇನ್ನೊಂದು ಕುರುಹು.

ಕಂಬಳಿ, ಸಮವಸ್ತ್ರದ ಬಟ್ಟೆ, ಅಂಗಿ ಬಟ್ಟೆ, ಪರದೆಯ ಬಟ್ಟೆ ಎಲ್ಲಕ್ಕೂ ಬಿನ್ನಿಯ ಮುದ್ರೆ ಇತ್ತು. ಹೆಂಗಸರ ಪಾಲಿಗೆ ಬಿನ್ನಿ ಎಂದರೆ ರೇಷ್ಮೆ ಸೀರೆ. ಇಂದಿಗೂ ಹಳೆಯ ಬೀರುಗಳಲ್ಲಿ ಮಡಿಕೆ ಮುರಿಯದ ಬಿನ್ನಿ ಸಿಲ್ಕ್ ಸೀರೆ ಸಿಕ್ಕರೆ ಆಶ್ಚರ್ಯವಿಲ್ಲ.

'ಮಿಲ್ಲಿಗೆ ಹೋಗಿದ್ದಾರೆ'

ಬಿನ್ನಿಪೇಟೆಯ ಸುತ್ತಿನ ಮನೆಗಳಲ್ಲಿ ಈ ಪದಕ್ಕೆ ಎರಡು ಅರ್ಥ ಒಟ್ಟಿಗೇ ಬಾಳಿದವು. 'ಅಪ್ಪ ಮಿಲ್ಲಿಗೆ ಹೋಗಿದ್ದಾರೆ' ಎಂದರೆ ಶಿಫ್ಟಿಗೆ ಹೋಗಿದ್ದಾರೆ. 'ಅಮ್ಮ ಮಿಲ್ಲಿಗೆ ಹೋಗಿದ್ದಾಳೆ' ಎಂದರೆ ರಾಗಿ ಬೀಸಿಸಲು ಹೋಗಿದ್ದಾಳೆ. ಒಂದು ಮಿಲ್ಲು ಸಂಬಳ ತರುತ್ತಿತ್ತು, ಇನ್ನೊಂದು ಅದನ್ನು ಹಿಟ್ಟು ಮಾಡುತ್ತಿತ್ತು.

ಎರಡನೆಯ ಮಿಲ್ಲಿನ ಹಿಂದೆಯೂ ಚರಿತ್ರೆಯಿದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಹರಿಯಿತು. ಮೋಟಾರಿನಿಂದ ನಡೆಯುವ ಹಿಟ್ಟಿನ ಮಿಲ್ಲು ಕಾಲಕ್ರಮದಲ್ಲಿ ಕೇರಿ ಕೇರಿಗೂ ಬಂತು. ಬೆಳಗಿನ ಜಾವಕ್ಕೆ ಎದ್ದು ಕಲ್ಲು ತಿರುಗಿಸುವ ದುಡಿಮೆ ಹೆಂಗಸರಿಗೆ ತಪ್ಪಿತು. ಆ ದುಡಿಮೆಯ ಜೊತೆಗೆ ಹುಟ್ಟಿದ್ದ ಬೀಸುವ ಪದಗಳು ಜಾನಪದ ಸಂಗ್ರಹಗಳಿಗೆ ಸೇರಿದವು. ಹಾಡು ಹೋಯಿತೆಂದು ಮರುಗುವವರು ತೋಳಿನ ನೋವು ಹೋದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಬಟ್ಟೆ ಮಿಲ್ಲಿನವರ ಮಾತು. ಅಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವವರು ಜೊತೆಯಲ್ಲಿ ದುಡಿದರು. ಶಿಫ್ಟು, ಬಾಬಿನ್ನು, ಸ್ಪಿನ್ನಿಂಗು, ಜಾಬರ್ ಎಲ್ಲರಿಗೂ ಸಾಮಾನ್ಯವಾದ ಪದಗಳಾದವು. ಕಾಯಂ ನೌಕರ ಬಾರದ ದಿನ ಅವನ ಜಾಗದಲ್ಲಿ ನಿಲ್ಲುವವನು 'ಬದ್ಲಿ'. ಬೆಳಿಗ್ಗೆ ಗೇಟಿನ ಮುಂದೆ ಕಾದು, ಕೆಲಸ ಸಿಕ್ಕರೆ ಕೂಲಿ, ಇಲ್ಲವಾದರೆ ಬರಿಗೈ. ಹಳೆಯ ಗಿರಣಿ ನಗರಗಳಲ್ಲೆಲ್ಲ ಈ ಪದ ಚಾಲ್ತಿಯಲ್ಲಿತ್ತು.

ಇಂಗ್ಲಿಷಿನಲ್ಲಿ ಮಿಲ್ ಕಾರ್ಮಿಕನನ್ನು 'ಮಿಲ್ ಹ್ಯಾಂಡ್' ಎನ್ನುತ್ತಾರೆ. ಮನುಷ್ಯನಿಂದ ಕೈಯನ್ನಷ್ಟೇ ಎಣಿಸುವ ಮಾತು ಅದು. ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ ಇತಿಹಾಸಕಾರ್ತಿ ಜಾನಕಿ ನಾಯರ್ ಅವರು 1998ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲೂ ಆ ಪದವಿದೆ. ಕನ್ನಡದಲ್ಲಿ 'ಮಿಲ್ಲಿನವರು' ಎನ್ನುತ್ತೇವೆ. ಆದರೆ ಇದರ ಅರ್ಥ ಊರಿನಿಂದ ಊರಿಗೆ ಬೇರೆ. ಅಕ್ಕಿ ಮಿಲ್ಲಿನ ಊರಿನಲ್ಲಿ 'ಮಿಲ್ಲಿನವರು' ಎಂದರೆ ಮಾಲೀಕರ ಮನೆತನ. ಬಿನ್ನಿಪೇಟೆಯಲ್ಲಿ 'ಮಿಲ್ಲಿನವರು' ಎಂದರೆ ದುಡಿಯುವವರು. ಮಾಲೀಕ ದೂರದಲ್ಲಿದ್ದ, ಕಣ್ಣಿಗೆ ಕಾಣುತ್ತಿದ್ದವರು ಇವರು. ಹಾಗಾಗಿ ಹೆಸರು ಇವರ ಪಾಲಿಗೆ ಬಂತು.

ಮಿಲ್ಲಿನ ಗೋದಾಮಿನಿಂದ ಇಂಗ್ಲಿಷಿಗೆ ಒಂದು ನುಡಿಗಟ್ಟೂ ಸಿಕ್ಕಿದೆ. ಗುಣಮಟ್ಟ ನೋಡಿ ವಿಂಗಡಿಸದೆ, ಮಗ್ಗದಿಂದ ಬಂದಂತೆಯೇ ಮಾರುವ ಬಟ್ಟೆಗೆ 'ರನ್ ಆಫ್ ದಿ ಮಿಲ್' ಎನ್ನುತ್ತಿದ್ದರು. ಈಗ ಯಾವುದೇ ಸಾಧಾರಣ ವಸ್ತುವಿಗೆ, ವ್ಯಕ್ತಿಗೆ ಆ ಮಾತು ಅನ್ವಯಿಸುತ್ತದೆ. ನಮ್ಮಲ್ಲಿ 'ಮಿಲ್ ಬಟ್ಟೆ' ಎಂಬುದಕ್ಕೆ ಬೇರೆ ತೂಕವಿತ್ತು. ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಖಾದಿಯ ಎದುರು ಅದು ಒಂದು ಮೆಟ್ಟಿಲು ಕೆಳಗೆ. ಕೈಮಗ್ಗದವರ ಬಾಯಲ್ಲಿ ತಮ್ಮ ಅನ್ನ ಕಸಿದ ಬಟ್ಟೆ. ಬಡವರ ಮನೆಯಲ್ಲಿ ಕೈಗೆಟುಕುವ ಬೆಲೆಯ ಬಟ್ಟೆ. ಒಂದೇ ಮಾತಿಗೆ ಮೂರು ಮುಖ.

ಮಿಲ್ಲಿನಿಂದ ಮಾಲ್‌ಗೆ

ಬಿನ್ನಿಪೇಟೆಗೆ ಹೊಂದಿಕೊಂಡ ಗೋಪಾಲಪುರದ ಮಿನರ್ವಾ ಮಿಲ್ಲಿನ ಹೆಸರಂತೂ ದೇಶದ ಕಾನೂನು ವಿದ್ಯಾರ್ಥಿಗಳಿಗೆಲ್ಲ ಕಂಠಪಾಠ. ಅದನ್ನು ಸರ್ಕಾರ ವಶಕ್ಕೆ ತೆಗೆದುಕೊಂಡದ್ದರ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1980ರ ಜುಲೈ 31ರಂದು ತೀರ್ಪು ನೀಡಿ, ಸಂವಿಧಾನದ 42ನೇ ತಿದ್ದುಪಡಿಯ ಎರಡು ಮುಖ್ಯ ಅಂಶಗಳನ್ನು ತಳ್ಳಿಹಾಕಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂಬ ತತ್ವ ಅದರಿಂದ ಗಟ್ಟಿಯಾಯಿತು. ಇಲ್ಲಿ ನೂಲು ತೆಗೆಯುತ್ತಿದ್ದ ಮಿಲ್ಲು ಹೀಗೆ ದೆಹಲಿಯ ನ್ಯಾಯಗ್ರಂಥಗಳಲ್ಲಿ ಅಜರಾಮರವಾಯಿತು.

ಆದರೆ ಮಿಲ್ಲುಗಳ ಹಣೆಬರಹ ಬೇರೆಯಿತ್ತು. ಹಳೆಯ ಯಂತ್ರಗಳು, ಅಗ್ಗದ ಪವರ್‌ಲೂಮ್ ಬಟ್ಟೆ, ಪಾಲಿಯೆಸ್ಟರ್ ಇವೆಲ್ಲದರ ಪೈಪೋಟಿಯಲ್ಲಿ ಅವು ಸೊರಗಿದವು. ಇತ್ತ ಅವು ಕುಳಿತಿದ್ದ ನೆಲದ ಬೆಲೆ ಏರುತ್ತ ಹೋಯಿತು. ನೇಯುವುದಕ್ಕಿಂತ ನೆಲ ಮಾರುವುದರಲ್ಲಿ ಲಾಭವಿದೆ ಎಂಬ ದಿನ ಬಂದ ಮೇಲೆ ಮಗ್ಗ ನಿಲ್ಲುವುದಕ್ಕೆ ತಡವಾಗಲಿಲ್ಲ. ಮಲ್ಲೇಶ್ವರದ ರಾಜಾ ಮಿಲ್ ಜಾಗದಲ್ಲಿ 2010ರಲ್ಲಿ ಮಂತ್ರಿ ಮಾಲ್ ತೆರೆಯಿತು. ಬಿನ್ನಿ ಮಿಲ್ ಜಾಗದಲ್ಲೂ ವಸತಿ ಸಮುಚ್ಚಯಗಳ ಜೊತೆಗೆ ಮಾಲ್ ಕಟ್ಟಡ ಬಂತು. ಒಂದೇ ಸ್ವರ ಬದಲಾದದ್ದು: ಮಿಲ್ ಹೋಗಿ ಮಾಲ್.

ಈ 'ಮಾಲ್' ಎಲ್ಲಿಯದು? ಇಟಲಿಯವರು ಮರದ ಸುತ್ತಿಗೆಯಿಂದ ಚೆಂಡು ಹೊಡೆಯುವ ಆಟವೊಂದನ್ನು 'ಪಲ್ಲಾಮಾಲ್ಯೊ' ಎನ್ನುತ್ತಿದ್ದರು. ಅದು ಲಂಡನ್ನಿಗೆ 'ಪಾಲ್ ಮಾಲ್' ಎಂದು ಬಂತು. ಆಟ ಆಡುತ್ತಿದ್ದ ಉದ್ದನೆಯ ನೆರಳುದಾರಿ 'ಮಾಲ್' ಆಯಿತು. ನಮ್ಮ ಗಿರಿಧಾಮಗಳ 'ಮಾಲ್ ರೋಡ್' ಅದೇ. ವಿಹಾರದ ದಾರಿ ಅಮೆರಿಕದಲ್ಲಿ ಅಂಗಡಿಗಳ ಸಾಲಾಗಿ, ಕೊನೆಗೆ ಹವಾನಿಯಂತ್ರಿತ ಕಟ್ಟಡವಾಯಿತು. ಸುತ್ತಿಗೆಗಿರುವ ಲ್ಯಾಟಿನ್ ಪದವೂ ಬೀಸುವ ಕಲ್ಲಿನ ಪದವೂ 'ಅರೆ, ನುಜ್ಜುಗುಜ್ಜು ಮಾಡು' ಎಂಬ ಒಂದೇ ಪ್ರಾಚೀನ ಧಾತುವಿನಿಂದ ಬಂದವು ಎಂದು ಹಲವು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಹಾಗಾದರೆ ಮಿಲ್ಲು ಮಾಲು ದೂರದ ಬಂಧುಗಳೇ. ಕನ್ನಡಕ್ಕೆ ಅರಬ್ಬೀ ಮೂಲದ ಇನ್ನೊಂದು 'ಮಾಲು' ಮೊದಲೇ ಬಂದಿತ್ತು. ಸರಕು ಎಂಬ ಅರ್ಥದ್ದು. ಮಿಲ್ಲು ಮಾಲನ್ನು ತಯಾರಿಸುತ್ತಿತ್ತು. ಮಾಲ್ ಬೇರೆಡೆಯ ಮಾಲನ್ನು ತಂದು ಮಾರುತ್ತದೆ.

ಇಂದಿನ ಜಿಮ್ಮುಗಳಲ್ಲಿ ಇನ್ನೊಂದು ಮಿಲ್ ಇದೆ: ಟ್ರೆಡ್‌ಮಿಲ್. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಎಂಜಿನಿಯರ್ ಸೆರೆಮನೆಯ ಕೈದಿಗಳಿಗಾಗಿ ರೂಪಿಸಿದ ತುಳಿಯುವ ಚಕ್ರ ಅದು. ಕೈದಿಗಳು ಗಂಟೆಗಟ್ಟಲೆ ಮೆಟ್ಟಿಲು ತುಳಿದು ಧಾನ್ಯ ಬೀಸಬೇಕಿತ್ತು. ಕೆಲವೊಮ್ಮೆ ಏನನ್ನೂ ಬೀಸದೆ ಸುಮ್ಮನೆ ತುಳಿಯಬೇಕಿತ್ತು. ಶಿಕ್ಷೆ ಈಗ ವ್ಯಾಯಾಮವಾಗಿದೆ. ಹಿಟ್ಟು ಬೀಳುವುದಿಲ್ಲ, ಹೆಸರು ಬಿಡುವುದಿಲ್ಲ.

ಕಲ್ಲು, ನೀರು, ಉಗಿ, ಮಗ್ಗ ಒಂದೊಂದಾಗಿ ಕಳಚಿಕೊಂಡರೂ ಮಿಲ್ ಎಂಬ ಪದ ಪ್ರತಿ ಸಲವೂ ಹೊಸ ವಸ್ತುವೊಂದನ್ನು ಹಿಡಿದುಕೊಂಡಿತು. ಬಿನ್ನಿಪೇಟೆಯಲ್ಲಿ ಮಾತ್ರ ಅದಕ್ಕೆ ಹಿಡಿದುಕೊಳ್ಳಲು ಬೇರೆ ಯಂತ್ರ ಸಿಗಲಿಲ್ಲ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಬ್ಯಾಲೆಟ್ ಪಟ್ಟಿಯಿಂದ 'ಬಿನ್ನಿಪೇಟೆ' ವಿಧಾನಸಭಾ ಕ್ಷೇತ್ರದ ಹೆಸರೂ ಹೋಯಿತು. ಈಗ ಆ ಪದ ನಿಂತಿರುವುದು ಜನರ ಬಾಯಿಯ ಮೇಲೆ. ನಗರದ ಚರಿತ್ರೆ ಬರೆಯುವಾಗ ದಿವಾನರ, ಎಂಜಿನಿಯರರ ಹೆಸರುಗಳು ಸಿಗುತ್ತವೆ. ಶಿಫ್ಟಿನ ನಂತರ ಹತ್ತಿಯ ಧೂಳು ಕೊಡವಿಕೊಂಡು ಮನೆಗೆ ನಡೆದವರ ಹೆಸರುಗಳಿಗೆ ಬೀದಿಫಲಕ ಸಿಗುವುದು ಅಪರೂಪ. ಅವರೆಲ್ಲರ ಪರವಾಗಿ ಉಳಿದಿರುವುದು ಈ ಒಂದು ಮಾತು. ಮುಂದೆ ಯಾರಾದರೂ ಈ ಬಡಾವಣೆಗೆ ಹೊಸ ಹೆಸರಿಡಲು ಹೊರಟರೆ, ಅಲ್ಲಿ ಮಿಲ್ಲು ಇಲ್ಲ ಎಂಬುದು ಅದಕ್ಕೆ ಸಾಕಾದ ಕಾರಣವಾಗಲಾರದು. ಮಿಲ್ಲಿನವರು ಇದ್ದರು ಎಂಬುದು ಹಳೆಯ ಹೆಸರಿಗೆ ಸಾಕಷ್ಟು ಕಾರಣ.